ಬ್ರೇಕ್ ಹಾಕಿದರೆ ನಿಲ್ಲುವ ಸದ್ದು ಬ್ರೇಕಿನದ್ದಲ್ಲವೇ?

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದವನು. ಐದು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದೆ, 46,000 ಕಿಲೋಮೀಟರ್ ಓಡಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಇದುವರೆಗೆ ಬ್ರೇಕ್ ಪ್ಯಾಡ್ ಬದಲಿಸಿಲ್ಲ. ಈಗ ಮೂರು ಥರದ ಸದ್ದು ಬರುತ್ತಿದೆ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಗರಗರ ಅನ್ನುತ್ತದೆ, ಆಮೇಲೆ ಇಲ್ಲ. ರಿವರ್ಸ್ ತೆಗೆದು ಮುಂದಕ್ಕೆ ಹೊರಟಾಗ ಮೊದಲ ಬ್ರೇಕಿಗೆ ಒಮ್ಮೆ ಟಕ್ ಅನ್ನುತ್ತದೆ. ಎರಡು ವಾರದಿಂದ ಹೊಸದೊಂದು ಶುರುವಾಗಿದೆ. ಕಾರು ಓಡುವಾಗ ಎಡ ಮುಂದಿನ ಚಕ್ರದಿಂದ ಸಣ್ಣಗೆ ಕೀಂಯ್ ಅಂತ ಸದ್ದು, ಬ್ರೇಕ್ ತುಳಿದ ತಕ್ಷಣ ನಿಲ್ಲುತ್ತದೆ. ಒಬ್ಬ ಮೆಕ್ಯಾನಿಕ್ ಧೂಳು, ಕ್ಲೀನ್ ಮಾಡಿದರೆ ಸಾಕು ಅಂದರು. ಇನ್ನೊಂದು ಗ್ಯಾರೇಜಿನಲ್ಲಿ ಚಕ್ರ ಬಿಚ್ಚದೆಯೇ ಡಿಸ್ಕ್, ಪ್ಯಾಡ್, ಕ್ಯಾಲಿಪರ್ ಎಲ್ಲಾ ಬದಲಿಸಬೇಕು ಅಂದರು. ಬ್ರೇಕ್ ಮಾತ್ರ ಚೆನ್ನಾಗಿಯೇ ಹಿಡಿಯುತ್ತದೆ. ಬ್ರೇಕ್ ಹಾಕಿದರೆ ನಿಲ್ಲುವ ಸದ್ದು ಬ್ರೇಕಿನದ್ದಲ್ಲ ಅಲ್ವಾ? ಮುಂದಿನ ತಿಂಗಳು ಆಗುಂಬೆ ಇಳಿದು ಉಡುಪಿಗೆ ಹೋಗಬೇಕು. ಅಲ್ಲಿಯವರೆಗೆ ಕಾಯಬಹುದಾ?

ಉತ್ತರ: ನಿಮ್ಮ ಕೊನೆಯ ಎರಡು ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಅವೇ ಅವಸರದವು. ಬ್ರೇಕ್ ಹಾಕಿದರೆ ನಿಲ್ಲುವ ಸದ್ದು ಬ್ರೇಕಿನದ್ದೇ. ಮುಂದಿನ ತಿಂಗಳವರೆಗೆ ಕಾಯಬೇಡಿ. ಈ ವಾರವೇ ಮುಂದಿನ ಎರಡೂ ಚಕ್ರ ಬಿಚ್ಚಿಸಿ ಪ್ಯಾಡ್ ನೋಡಿಸಿ.

ನೀವು ಅಂದುಕೊಂಡಂತೆ ಅಂದುಕೊಳ್ಳುವವರು ತುಂಬಾ ಜನ ಇದ್ದಾರೆ. ಬ್ರೇಕ್ ಹಾಕಿದಾಗ ಬರುವ ಸದ್ದು ಮಾತ್ರ ಬ್ರೇಕಿನದ್ದು ಅನ್ನುವುದು ಸಹಜವಾದ ಲೆಕ್ಕ. ಆದರೆ ಹೀಗೆ ಯೋಚಿಸಿ ನೋಡಿ. ಸದ್ದು ಟೈರಿನದ್ದೋ ವೀಲ್ ಬೇರಿಂಗಿನದ್ದೋ ಆಗಿದ್ದರೆ, ಪೆಡಲ್ ಮೇಲೆ ನೀವು ಕಾಲಿಟ್ಟ ತಕ್ಷಣ ಅದು ಯಾಕೆ ಬಾಯಿ ಮುಚ್ಚಬೇಕು? ಪೆಡಲ್ ಮುಟ್ಟಿದ ಕ್ಷಣಕ್ಕೆ ಸದ್ದು ಬದಲಾಗುತ್ತದೆ ಅಂದರೆ ಪೆಡಲ್ ಯಾವ ಭಾಗವನ್ನು ಅಲುಗಿಸುತ್ತದೋ ಸದ್ದು ಅಲ್ಲೇ ಇದೆ. ಶುರುವಾದರೂ ಅಷ್ಟೇ, ನಿಂತರೂ ಅಷ್ಟೇ.

ಬ್ರೇಕ್ ಸದ್ದು ಪತ್ತೆ ಮಾಡುವಾಗ ನಾನು ಎಲ್ಲರಿಗೂ ಹೇಳುವುದು ಇದನ್ನೇ. ಸದ್ದು ಹೇಗಿದೆ ಅನ್ನುವುದಕ್ಕಿಂತ ಯಾವಾಗ ಶುರುವಾಗುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದು ಮುಖ್ಯ. ಒಬ್ಬರಿಗೆ ಕೀಂಯ್ ಅನ್ನಿಸಿದ್ದು ಇನ್ನೊಬ್ಬರಿಗೆ ಚೀಂ ಅನ್ನಿಸುತ್ತದೆ, ಮತ್ತೊಬ್ಬರಿಗೆ ಸಿಳ್ಳೆ ಅನ್ನಿಸುತ್ತದೆ. ಆದರೆ "ಬ್ರೇಕ್ ತುಳಿದಾಗ ನಿಂತಿತು" ಅನ್ನುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಬರುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಮೂರು ಸದ್ದಿಗೂ ಸಮಯ ಬರೆದಿದ್ದೀರಿ. ಅದರಿಂದಲೇ ಮುಕ್ಕಾಲು ಪಾಲು ಉತ್ತರ ಸಿಗುತ್ತದೆ.

ಮೂರನೆಯ ಸದ್ದನ್ನೇ ಮೊದಲು ತೆಗೆದುಕೊಳ್ಳೋಣ. ಡಿಸ್ಕ್ ಬ್ರೇಕಿನಲ್ಲಿ ಚಕ್ರದ ಜೊತೆ ತಿರುಗುವ ಎರಕದ ಕಬ್ಬಿಣದ ತಟ್ಟೆ ಇರುತ್ತದೆ. ಅದರ ಎರಡೂ ಬದಿಗೆ ಒಂದೊಂದು ಪ್ಯಾಡ್. ಪ್ಯಾಡ್‌ಗಳನ್ನು ಹಿಡಿದಿರುವ ಭಾಗವೇ ಕ್ಯಾಲಿಪರ್, ಅದರೊಳಗಿನ ಪಿಸ್ಟನ್ ಬ್ರೇಕ್ ಆಯಿಲ್ ಒತ್ತಡಕ್ಕೆ ಹೊರಬಂದು ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ. ಪ್ಯಾಡ್ ಅಂದರೆ ಉಕ್ಕಿನ ಹಲಗೆಗೆ ಅಂಟಿಸಿದ, ಉಜ್ಜಿ ಸವೆಯುವ ಪದಾರ್ಥ. ಹೊಸದಾಗಿದ್ದಾಗ ಈ ಪದಾರ್ಥ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ. ಸವೆದು 2-3 ಮಿ.ಮೀ.ಗೆ ಬಂದರೆ ಬದಲಿಸಬೇಕು. ಬಹಳಷ್ಟು ಕಾರುಗಳಲ್ಲಿ ಈ ಹಂತ ಬಂತು ಅಂತ ತಿಳಿಸಲಿಕ್ಕೇ ಪ್ಯಾಡಿನ ಉಕ್ಕಿನ ಹಲಗೆಗೆ ಒಂದು ಸಣ್ಣ ತಗಡಿನ ನಾಲಿಗೆ ಜೋಡಿಸಿರುತ್ತಾರೆ. ಅದಕ್ಕೆ ವೇರ್ ಇಂಡಿಕೇಟರ್ ಅನ್ನುತ್ತಾರೆ. ಪ್ಯಾಡ್ ದಪ್ಪ ಇರುವಷ್ಟು ದಿನ ಈ ನಾಲಿಗೆ ಡಿಸ್ಕ್‌ಗೆ ತಾಗುವುದಿಲ್ಲ. ಪ್ಯಾಡ್ ತೆಳುವಾದಂತೆ ನಾಲಿಗೆ ಡಿಸ್ಕ್ ಹತ್ತಿರ ಬರುತ್ತದೆ. ಒಂದು ದಿನ ತಾಗುತ್ತದೆ, ಕೂಗಲು ಶುರುಮಾಡುತ್ತದೆ.

ಬ್ರೇಕ್ ಹಾಕದಿದ್ದಾಗ ಪ್ಯಾಡ್ ಡಿಸ್ಕ್‌ನಿಂದ ದೂರ ಹೋಗಿ ಕೂರುತ್ತದೆ ಅಂತ ಹಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಪಿಸ್ಟನ್ ಸುತ್ತ ಇರುವ ರಬ್ಬರ್ ಸೀಲ್ ಅದನ್ನು ಕೂದಲೆಳೆಯಷ್ಟು ಮಾತ್ರ ಹಿಂದಕ್ಕೆ ಎಳೆಯುತ್ತದೆ. ಪ್ಯಾಡ್ ಯಾವಾಗಲೂ ಡಿಸ್ಕ್‌ನ ಪಕ್ಕದಲ್ಲೇ ಇರುತ್ತದೆ. ಹಾಗಾಗಿ ಸವೆದ ಪ್ಯಾಡಿನ ತಗಡಿನ ನಾಲಿಗೆ ಕಾರು ಓಡುತ್ತಿರುವಷ್ಟು ಹೊತ್ತೂ ಡಿಸ್ಕ್ ಮೇಲೆ ಹಗುರವಾಗಿ ಉಜ್ಜುತ್ತದೆ. ಹಗುರವಾಗಿ ಉಜ್ಜುವಾಗಲೇ ಅದು ನಡುಗಿ ಸದ್ದು ಮಾಡುವುದು. ಬ್ರೇಕ್ ತುಳಿದರೆ ಪ್ಯಾಡ್ ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ, ನಾಲಿಗೆಯ ನಡುಕ ನಿಲ್ಲುತ್ತದೆ, ಸದ್ದು ಹೋಗುತ್ತದೆ. ಕೆಲವು ಕಾರುಗಳಲ್ಲಿ ಇದು ಬ್ರೇಕ್ ಹಾಕಿದಾಗಲೂ ಕೂಗುತ್ತದೆ. ಆದರೆ ಓಡುವಾಗ ಕೂಗಿ ಬ್ರೇಕಿಗೆ ನಿಲ್ಲುವುದು ಇದರ ಬಹಳ ಪರಿಚಿತ ನಡವಳಿಕೆ. ಮೇಲಿಂದ ನಿಮ್ಮ ಕಾರು 46,000 ಕಿ.ಮೀ. ಓಡಿದೆ, ಘಟ್ಟದ ಊರಿನಲ್ಲಿ, ಒಂದೇ ಸೆಟ್ ಪ್ಯಾಡ್ ಮೇಲೆ. ಚಕ್ರ ಬಿಚ್ಚದೆ ಖಚಿತವಾಗಿ ಹೇಳಬಾರದು ನಿಜ. ಆದರೆ ನಾನಾಗಿದ್ದರೆ ಮೊದಲು ಹುಡುಕುವುದು ಇದನ್ನೇ.

"ಬ್ರೇಕ್ ಮಾತ್ರ ಚೆನ್ನಾಗಿಯೇ ಹಿಡಿಯುತ್ತದೆ" ಅಂದಿದ್ದೀರಿ. ಈ ಮಾತು ನನಗೆ ಸ್ವಲ್ಪ ಹೆದರಿಕೆ ಹುಟ್ಟಿಸುತ್ತದೆ. ಪ್ಯಾಡ್ ಹಿಡಿಯುವುದು ಅದರ ಮೇಲ್ಮೈಯಿಂದ, ದಪ್ಪದಿಂದ ಅಲ್ಲ. 10 ಮಿ.ಮೀ. ಇದ್ದಾಗ ಹೇಗೆ ಹಿಡಿಯುತ್ತಿತ್ತೋ 2 ಮಿ.ಮೀ. ಇದ್ದಾಗಲೂ ಹೆಚ್ಚುಕಮ್ಮಿ ಹಾಗೇ ಹಿಡಿಯುತ್ತದೆ. ಹಾಗಾಗಿ ಕಾಲಿಗೆ ಏನೂ ಗೊತ್ತಾಗುವುದಿಲ್ಲ. ಕೊನೆಯ ಪದರ ಮುಗಿದು ಉಕ್ಕಿನ ಹಲಗೆ ಡಿಸ್ಕ್‌ಗೆ ತಾಗಿದಾಗ ಮಾತ್ರ ಗೊತ್ತಾಗುತ್ತದೆ. ಆಗ ಸದ್ದು ಕೀಂಯ್ ಅಲ್ಲ, ಕರಕರ. ಆ ಹೊತ್ತಿಗೆ ಡಿಸ್ಕ್ ಮೇಲೆ ಗೆರೆ ಬಿದ್ದಿರುತ್ತದೆ, ಪ್ಯಾಡ್ ಖರ್ಚಿನ ಜೊತೆ ಡಿಸ್ಕ್ ಖರ್ಚೂ ಸೇರಿಕೊಂಡಿರುತ್ತದೆ. ಬ್ರೇಕ್ ಚೆನ್ನಾಗಿದೆ ಅನ್ನುವ ಸಮಾಧಾನವನ್ನು ನಂಬಿಕೊಂಡು ಕೂರಬೇಡಿ.

ಬಿಚ್ಚಿಸಲು ಹೋಗುವ ಮೊದಲು ಮನೆಯಲ್ಲೇ ಒಂದೆರಡು ಪರೀಕ್ಷೆ ಮಾಡಿ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮಟ್ಟ ಕೆಳಗಿನ ಗೆರೆಯ ಹತ್ತಿರ ಇಳಿದಿದೆಯಾ? ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗ ತುಂಬಲು ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಸೋರಿಕೆ ಇಲ್ಲದೆಯೇ ಮಟ್ಟ ನಿಧಾನವಾಗಿ ಇಳಿದಿದ್ದರೆ ಅದು ಪ್ಯಾಡ್ ಸವೆದಿದ್ದಕ್ಕೆ ಇನ್ನೊಂದು ಸಾಕ್ಷಿ. ಆದರೆ ಇಳಿದಿದೆ ಅಂತ ತಕ್ಷಣ ತುಂಬಿಸಬೇಡಿ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಒಳಗೆ ತಳ್ಳುತ್ತಾರೆ, ಆಗ ಆಯಿಲ್ ವಾಪಸ್ ಬಂದು ಉಕ್ಕುತ್ತದೆ. ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಎದ್ದುಹೋಗುತ್ತದೆ. ಮಟ್ಟ ಕೆಳಗಿನ ಗೆರೆಗಿಂತಲೂ ಇಳಿದಿದ್ದರೆ ಅಥವಾ ಚಕ್ರದ ಒಳಬದಿ ಒದ್ದೆಯಾಗಿದ್ದರೆ ಅದು ಬೇರೆ ವಿಷಯ. ಆಗ ಕಾರು ಓಡಿಸದೆ ಮೆಕ್ಯಾನಿಕ್ ಅವರನ್ನೇ ಮನೆಗೆ ಕರೆಸಿ.

ಅಲಾಯ್ ವೀಲ್ ಇದ್ದರೆ ಕಡ್ಡಿಗಳ ನಡುವಿನಿಂದ ಟಾರ್ಚ್ ಹಾಕಿ ಪ್ಯಾಡ್ ನೋಡಬಹುದು. ಆದರೆ ಇಲ್ಲೊಂದು ಎಚ್ಚರಿಕೆ ಇದೆ. ಹೊರಗಿನಿಂದ ಕಾಣುವುದು ಹೊರಬದಿಯ ಪ್ಯಾಡ್ ಮಾತ್ರ. ಮೊದಲು ಸವೆಯುವುದು ಹೆಚ್ಚಾಗಿ ಒಳಬದಿಯದು. ನಮ್ಮ ಸಣ್ಣ ಕಾರುಗಳಲ್ಲಿ ಇರುವುದು ತೇಲುವ ಕ್ಯಾಲಿಪರ್. ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಅದು ಒಳಗಿನ ಪ್ಯಾಡನ್ನು ನೇರವಾಗಿ ಒತ್ತುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಈ ಪಿನ್‌ಗಳ ರಬ್ಬರ್ ಬೂಟ್ ಹರಿದು ನೀರು ಒಳಗೆ ಹೋದರೆ, ಗ್ರೀಸ್ ಒಣಗಿದರೆ, ಪಿನ್ ಜಾಮ್ ಆಗುತ್ತದೆ. ಆಗ ಕೆಲಸವೆಲ್ಲ ಒಳಗಿನ ಪ್ಯಾಡ್ ಮೇಲೆ ಬೀಳುತ್ತದೆ. ಹೊರಗಿನದು 6 ಮಿ.ಮೀ. ಇದ್ದು ಒಳಗಿನದು ಪೂರ್ತಿ ಮುಗಿದಿರಬಹುದು. ಮಲೆನಾಡಿನ ಮಳೆ, ಕೆಸರು, ಕೆಮ್ಮಣ್ಣಿನ ರಸ್ತೆ ಎಲ್ಲಾ ಸೇರಿದರೆ ಈ ಪಿನ್‌ಗಳ ಆಯಸ್ಸು ಕಡಿಮೆ. "ಪ್ಯಾಡ್ ಇನ್ನೂ ಇದೆ ಸಾರ್" ಅಂತ ಹೊರಗಿನಿಂದ ನೋಡಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಒಳಗಿನದು ತೋರಿಸಿ ಅನ್ನಿ.

ನಿಮಗೆ ಸದ್ದು ಬರುತ್ತಿರುವುದು ಎಡಗಡೆಯಿಂದ ಮಾತ್ರ. ಹಾಗಾಗಿ ಪಿನ್ ವಿಷಯ ನನ್ನ ತಲೆಯಲ್ಲಿ ಇದೆ. ಅದಕ್ಕೆ ಸುಲಭದ ಪರೀಕ್ಷೆ ಇದೆ. ಹತ್ತು ಹನ್ನೆರಡು ಕಿಲೋಮೀಟರ್ ಮಾಮೂಲಿಯಾಗಿ ಓಡಿಸಿ, ಕೊನೆಯಲ್ಲಿ ಗಟ್ಟಿ ಬ್ರೇಕ್ ಹಾಕದೆ ನಿಧಾನವಾಗಿ ನಿಲ್ಲಿಸಿ. ಇಳಿದು ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈಯ ಹಿಂಭಾಗ ಹಿಡಿದು ಶಾಖ ಹೋಲಿಸಿ. ಡಿಸ್ಕ್ ಮುಟ್ಟಬೇಡಿ, ಚರ್ಮ ಸುಡುವಷ್ಟು ಕಾದಿರುತ್ತದೆ. ಒಂದು ಬದಿ ಸ್ಪಷ್ಟವಾಗಿ ಜಾಸ್ತಿ ಬಿಸಿ ಇದ್ದರೆ ಆ ಬದಿಯ ಬ್ರೇಕ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಪಿನ್ ಜಾಮ್ ಇರಬಹುದು, ಪಿಸ್ಟನ್ ತುಕ್ಕು ಹಿಡಿದಿರಬಹುದು. ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯುತ್ತದಾ, ಆ ಚಕ್ರದ ರಿಮ್ ಮೇಲೆ ಕಪ್ಪು ಪುಡಿ ಜಾಸ್ತಿ ಕೂತಿದೆಯಾ ಅಂತಲೂ ಗಮನಿಸಿ.

ಸದ್ದು ನಿಜವಾಗಿಯೂ ಎಡ ಮುಂದಿನದ್ದೇ ಅಂತ ಖಚಿತ ಮಾಡಿಕೊಳ್ಳಲು ಕಿಟಕಿ ಇಳಿಸಿ ಉದ್ದ ಕಾಂಪೌಂಡ್ ಗೋಡೆಯ ಪಕ್ಕ 20-30 ಕಿ.ಮೀ. ವೇಗದಲ್ಲಿ ಹೋಗಿ. ಗೋಡೆಗೆ ಬಡಿದು ವಾಪಸ್ ಬರುವುದರಿಂದ ಆ ಬದಿಯ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಮತ್ತೆ ತಿರುಗಿ ಬಂದು ಇನ್ನೊಂದು ಬದಿ ಗೋಡೆಗೆ ಮಾಡಿ ಹೋಗಿ. ಕಾರಿನ ಒಳಗೆ ಕೂತು ಸದ್ದಿನ ದಿಕ್ಕು ಹೇಳುವುದು ಕಷ್ಟ. ಬಾಡಿಯ ತಗಡು ಸದ್ದನ್ನು ಎಲ್ಲೆಲ್ಲಿಗೋ ಒಯ್ಯುತ್ತದೆ.

ಇನ್ನು ಬೆಳಗಿನ ಗರಗರ. ಇದಕ್ಕೆ ನೀವು ಒಂದು ರೂಪಾಯಿಯೂ ಖರ್ಚು ಮಾಡಬೇಕಿಲ್ಲ. ಡಿಸ್ಕ್ ಎರಕದ ಕಬ್ಬಿಣದ್ದು, ಉಜ್ಜುವ ಮುಖಕ್ಕೆ ಬಣ್ಣ ಇರುವುದಿಲ್ಲ. ಒದ್ದೆಯಾದರೆ ಕೆಲವೇ ಗಂಟೆಗಳಲ್ಲಿ ತೆಳು ತುಕ್ಕು ಹಿಡಿಯುತ್ತದೆ. ಕಾರು ತೊಳೆದು ನಿಲ್ಲಿಸಿದರೂ ಹೀಗೇ ಆಗುತ್ತದೆ. ಮೊದಲ ಎರಡು ಮೂರು ಬ್ರೇಕಿಗೆ ಪ್ಯಾಡ್ ಆ ತುಕ್ಕನ್ನು ಉಜ್ಜಿ ತೆಗೆಯುತ್ತದೆ. ಆಮೇಲೆ ಸದ್ದು ಹೋಗುತ್ತದೆ ಅಂತ ನೀವೇ ಬರೆದಿದ್ದೀರಿ. ಹೋಗುತ್ತಿರುವಷ್ಟು ದಿನ ಚಿಂತೆ ಇಲ್ಲ. ಕಾರು ವಾರಗಟ್ಟಲೆ ಮಳೆಯಲ್ಲಿ ನಿಂತು, ತುಕ್ಕು ಆಳಕ್ಕೆ ಇಳಿದು, ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿದ ಮೇಲೂ ಗರಗರ ಉಳಿದರೆ ಆಗ ಡಿಸ್ಕ್ ನೋಡಿಸಬೇಕು.

ಮಳೆಗಾಲದಲ್ಲಿ ಇನ್ನೊಂದು ಸದ್ದು ನಿಮ್ಮ ಕಡೆ ಸಾಮಾನ್ಯ, ನೀವು ಕೇಳಿಲ್ಲದಿದ್ದರೂ ಹೇಳಿಬಿಡುತ್ತೇನೆ. ಹ್ಯಾಂಡ್ ಬ್ರೇಕ್ ಎಳೆದು ನಾಲ್ಕೈದು ದಿನ ನಿಲ್ಲಿಸಿದರೆ ಹಿಂದಿನ ಡ್ರಮ್ ಒಳಗೆ ಲೈನರ್ (ಡ್ರಮ್ ಬ್ರೇಕಿನಲ್ಲಿ ಪ್ಯಾಡಿನ ಕೆಲಸ ಮಾಡುವ ಭಾಗ) ಅಂಟಿಕೊಳ್ಳುತ್ತದೆ. ಹೊರಡುವಾಗ ಹಿಂದಿನಿಂದ ಟಪ್ ಅಂತ ದೊಡ್ಡ ಸದ್ದು ಬಂದು ಬಿಡುತ್ತದೆ. ಕೆಲವೊಮ್ಮೆ ಬಿಡುವುದೇ ಇಲ್ಲ, ಬಲವಂತ ಮಾಡಿದರೆ ಲೈನರ್ ಕಿತ್ತು ಬರುತ್ತದೆ. ಒದ್ದೆ ಕಾರನ್ನು ದಿನಗಟ್ಟಲೆ ನಿಲ್ಲಿಸುವುದಾದರೆ ಸಮತಟ್ಟು ಜಾಗದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿಡಿ.

ರಿವರ್ಸ್ ಆದ ಮೇಲಿನ ಒಂದು ಟಕ್ ಕೂಡ ಬಹುಪಾಲು ನಿರಪಾಯ. ಪ್ಯಾಡ್ ತನ್ನ ಗೂಡಿನಲ್ಲಿ ಸ್ವಲ್ಪ ಸಡಿಲವಾಗಿ ಕೂತಿರಲೇಬೇಕು, ಇಲ್ಲದಿದ್ದರೆ ಜಾರುವುದಿಲ್ಲ. ಹಿಂದಕ್ಕೆ ಹೋಗುವಾಗ ಬ್ರೇಕ್ ಹಾಕಿದರೆ ಪ್ಯಾಡ್ ಒಂದು ತುದಿಗೆ ಹೋಗಿ ನಿಲ್ಲುತ್ತದೆ. ಮುಂದಕ್ಕೆ ಹೋಗುವಾಗ ಮೊದಲ ಬ್ರೇಕಿಗೆ ಇನ್ನೊಂದು ತುದಿಗೆ ಬಂದು ತಾಗುತ್ತದೆ. ಅದೇ ನಿಮ್ಮ ಟಕ್. ಒಂದೇ ಸಲ ಬಂದು, ಮತ್ತೆ ದಿಕ್ಕು ಬದಲಿಸುವವರೆಗೆ ಬರದಿದ್ದರೆ ಸುಮ್ನೆ ಬಿಡಿ. ಆದರೆ ಮುಂಚೆಗಿಂತ ಜೋರಾಗಿದ್ದರೆ ಪ್ಯಾಡ್ ಹಿಡಿಯುವ ಸ್ಪ್ರಿಂಗ್ ಕ್ಲಿಪ್‌ಗಳು ಸವೆದಿರಬಹುದು ಅಥವಾ ಹಿಂದಿನ ಸಲ ಕ್ಲೀನ್ ಮಾಡಿದವರು ಹಾಕದೇ ಬಿಟ್ಟಿರಬಹುದು. ಈಗ ಹೇಗೂ ಬಿಚ್ಚಿಸುತ್ತೀರಿ, ಕ್ಲಿಪ್ ಇವೆಯಾ ನೋಡಿಸಿಬಿಡಿ. ಪ್ರತಿ ಬ್ರೇಕಿಗೂ, ಪ್ರತಿ ಗುಂಡಿಗೂ ಟಕ್ ಅಥವಾ ಧಡ್ ಅಂದರೆ ಮಾತ್ರ ಅದು ಬ್ರೇಕ್ ದಾಟಿ ಹೋದ ವಿಷಯ. ಸಸ್ಪೆನ್ಷನ್ ಭಾಗಗಳಾದ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಕಡೆ ನೋಡಬೇಕಾಗುತ್ತದೆ.

ಈಗ ನಿಮಗೆ ಸಿಕ್ಕ ಎರಡು ಸಲಹೆಗಳ ವಿಷಯ. ಧೂಳು, ಕ್ಲೀನ್ ಮಾಡಿದರೆ ಸಾಕು ಅಂದವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಪ್ಯಾಡ್ ಮತ್ತು ಡಿಸ್ಕ್ ನಡುವೆ ಸಣ್ಣ ಕಲ್ಲು, ಅಥವಾ ಡಿಸ್ಕ್ ಹಿಂದಿನ ತೆಳು ತಗಡಿನ ಮರೆಯೊಳಗೆ ಜಲ್ಲಿ ಚೂರು ಸಿಕ್ಕಿಕೊಂಡರೂ ಕಿರುಚುವ ಸದ್ದು ಬರುತ್ತದೆ. ಕೆಲವೊಮ್ಮೆ ಆ ತಗಡೇ ಬಗ್ಗಿ ಡಿಸ್ಕ್‌ಗೆ ತಾಗುತ್ತಿರುತ್ತದೆ, ಕೈಯಲ್ಲಿ ಎಳೆದರೆ ಸರಿಹೋಗುತ್ತದೆ. ಆದರೆ ಕಲ್ಲಿನ ಸದ್ದು ಇದ್ದಕ್ಕಿದ್ದಂತೆ ಜೋರಾಗಿ ಶುರುವಾಗುತ್ತದೆ. ಒಂದಷ್ಟು ದೂರ ರಿವರ್ಸ್ ಹೋದರೆ ಎಷ್ಟೋ ಸಲ ಕಲ್ಲು ಬಿದ್ದುಹೋಗುತ್ತದೆ. ಎರಡು ವಾರ ಒಂದೇ ಥರ, ಬ್ರೇಕಿಗೆ ಸರಿಯಾಗಿ ನಿಲ್ಲುತ್ತಾ ಇರುವುದು ಕಲ್ಲಿನ ಲಕ್ಷಣ ಅಲ್ಲ. ಪ್ಯಾಡ್ ದಪ್ಪ ಅಳೆಯದೆ ಬರೀ ಕ್ಲೀನ್ ಮಾಡಿ ಕಳಿಸಿದರೆ ಒಂದೆರಡು ದಿನ ಸದ್ದು ಕಡಿಮೆ ಅನ್ನಿಸಬಹುದು, ಪ್ಯಾಡ್ ಮಾತ್ರ ಸವೆಯುತ್ತಲೇ ಇರುತ್ತದೆ.

ಎಲ್ಲಾ ಬದಲಿಸಿ ಅಂದ ಗ್ಯಾರೇಜಿನವರ ಮಾತನ್ನಂತೂ ನಾನು ಒಪ್ಪುವುದಿಲ್ಲ. ಚಕ್ರ ಬಿಚ್ಚದೆ ಡಿಸ್ಕ್ ಹೋಗಿದೆ ಅಂತ ಯಾರಿಗೂ ಹೇಳಲು ಬರುವುದಿಲ್ಲ. ಡಿಸ್ಕ್ ಬದಲಿಸಬೇಕಾ ಬೇಡವಾ ಅನ್ನುವುದು ಅಭಿಪ್ರಾಯದ ವಿಷಯವೇ ಅಲ್ಲ, ಅಳತೆಯ ವಿಷಯ. ಬಹುತೇಕ ಡಿಸ್ಕ್‌ಗಳ ಮೇಲೆಯೇ ಅದರ ಕನಿಷ್ಠ ದಪ್ಪವನ್ನು ಅಚ್ಚು ಹಾಕಿರುತ್ತಾರೆ. ಸಣ್ಣ ಕಾರುಗಳಲ್ಲಿ ಹೊಸ ದಪ್ಪಕ್ಕೂ ಕನಿಷ್ಠ ದಪ್ಪಕ್ಕೂ ಇರುವ ಅಂತರ ಸಾಮಾನ್ಯವಾಗಿ 2 ಮಿ.ಮೀ. ಆಸುಪಾಸು. ಅಳೆಯುವಾಗ ಒಂದು ಸೂಕ್ಷ್ಮ ಇದೆ. ಡಿಸ್ಕ್‌ನ ಹೊರ ಅಂಚಿಗೆ ಪ್ಯಾಡ್ ತಾಗುವುದಿಲ್ಲ, ಅಲ್ಲಿ ಸವೆಯದೆ ಏಣು ಉಳಿದಿರುತ್ತದೆ. ವರ್ನಿಯರ್ ಇಟ್ಟು ಆ ಏಣಿನ ಮೇಲೆ ಅಳೆದರೆ ಡಿಸ್ಕ್ ಇರುವುದಕ್ಕಿಂತ ದಪ್ಪ ತೋರಿಸುತ್ತದೆ. ಏಣು ದಾಟಿ ಒಳಗೆ, ಮೈಕ್ರೋಮೀಟರ್‌ನಲ್ಲಿ, ಸುತ್ತ ನಾಲ್ಕೈದು ಕಡೆ ಅಳೆಯಬೇಕು. ಅಳತೆ ಕನಿಷ್ಠಕ್ಕಿಂತ ಮೇಲಿದ್ದು, ಉಗುರಿಗೆ ಸಿಗುವಂಥ ಆಳದ ಗೆರೆ ಇಲ್ಲದಿದ್ದರೆ ಹಳೆಯ ಡಿಸ್ಕ್ ಮೇಲೆಯೇ ಹೊಸ ಪ್ಯಾಡ್ ಹಾಕಿಸಿ. ಗೆರೆ ಇದ್ದರೂ ದಪ್ಪ ಸಾಕಷ್ಟಿದ್ದರೆ ಲೇತ್‌ನಲ್ಲಿ ಸ್ಕಿಮ್ಮಿಂಗ್ (ಮೇಲ್ಮೈ ತೆಳುವಾಗಿ ಕೆರೆದು ಸಮ ಮಾಡುವುದು) ಮಾಡಿಸಬಹುದು, ಮಾಡಿದ ಮೇಲೂ ಕನಿಷ್ಠಕ್ಕಿಂತ ಮೇಲೆ ಉಳಿಯಬೇಕು ಅಷ್ಟೇ.

ಕ್ಯಾಲಿಪರ್ ವಿಷಯದಲ್ಲೂ ಹೀಗೇ. ಪಿನ್ ಜಾಮ್ ಆಗಿದ್ದರೆ ಪಿನ್ ತೆಗೆದು, ಒರೆಸಿ, ಸಿಲಿಕೋನ್ ಗ್ರೀಸ್ ಹಾಕಿ, ಹೊಸ ಬೂಟ್ ಹಾಕಿದರೆ ಎಷ್ಟೋ ಸಲ ಕೆಲಸ ಮುಗಿಯಿತು. ಪಿಸ್ಟನ್ ಸೀಲ್ ಹೋಗಿದ್ದರೆ ರಿಪೇರಿ ಕಿಟ್ ಸಿಗುತ್ತದೆ. ಪಿಸ್ಟನ್ ಮೇಲೆಯೇ ತುಕ್ಕಿನ ಗುಳಿ ಬಿದ್ದಿದ್ದರೆ ಮಾತ್ರ ದೊಡ್ಡ ಖರ್ಚು. ಪಿನ್‌ಗೆ ಚಾಸಿಸ್‌ಗೆ ಹಾಕುವ ಮಾಮೂಲಿ ಗ್ರೀಸ್ ಹಾಕಲು ಬಿಡಬೇಡಿ. ಅದರಲ್ಲಿರುವ ಎಣ್ಣೆಗೆ ಅಲ್ಲಿನ ರಬ್ಬರ್ ಉಬ್ಬುತ್ತದೆ, ಆರು ತಿಂಗಳಲ್ಲಿ ಪಿನ್ ಮತ್ತೆ ಬಿಗಿಯಬಹುದು.

ಹಾಗಾಗಿ ಗ್ಯಾರೇಜಿಗೆ ಹೋದಾಗ ಹೀಗೆ ಕೇಳಿ: ಮುಂದಿನ ನಾಲ್ಕೂ ಪ್ಯಾಡ್ ಬಿಚ್ಚಿ ನನಗೆ ತೋರಿಸಿ, ಡಿಸ್ಕ್ ಅಳತೆ ಹೇಳಿ, ಆಮೇಲೆ ಏನು ಬದಲಿಸಬೇಕು ಅಂತ ಮಾತಾಡೋಣ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಪಕ್ಕದಲ್ಲಿ ನಿಂತು ನೋಡಿ. ಎಡಗಡೆ ಒಂದೇ ಸವೆದಿದ್ದರೂ ಪ್ಯಾಡ್ ಬದಲಿಸುವುದು ಎರಡೂ ಬದಿಗೆ ಒಟ್ಟಿಗೇ. ಒಂದು ಬದಿ ಹೊಸದು, ಇನ್ನೊಂದು ಬದಿ ಹಳೆಯದು ಇದ್ದರೆ ಬ್ರೇಕ್ ಹಾಕಿದಾಗ ಕಾರು ಎಳೆಯುತ್ತದೆ. ಹೊಸ ಪ್ಯಾಡ್ ಕೊಳ್ಳುವಾಗ ಅದಕ್ಕೂ ವೇರ್ ಇಂಡಿಕೇಟರ್ ನಾಲಿಗೆ ಇದೆಯಾ ನೋಡಿ. ಕಡಿಮೆ ಬೆಲೆಯ ಕೆಲವು ಪ್ಯಾಡ್‌ಗಳಲ್ಲಿ ಅದು ಇರುವುದೇ ಇಲ್ಲ. ಅಂಥ ಪ್ಯಾಡ್ ಸವೆದಾಗ ಎಚ್ಚರಿಸುವುದಿಲ್ಲ, ನೇರವಾಗಿ ಕರಕರಕ್ಕೆ ಹೋಗುತ್ತದೆ. ಬ್ರೇಕ್ ಪುಡಿಯನ್ನು ಏರ್ ಹೊಡೆದು ಹಾರಿಸಲು ಹೊರಟರೆ ಬೇಡ ಅನ್ನಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಬಳಸುತ್ತಿದ್ದರು. ಈಗಿನ ಪುಡಿಯೂ ಉಸಿರಾಡಲು ಒಳ್ಳೆಯದಲ್ಲ. ಬ್ರೇಕ್ ಕ್ಲೀನರ್ ಹೊಡೆದು ಒರೆಸಿದರೆ ಸಾಕು. ಅಲ್ಲಿ ಕೆಲಸ ಮಾಡುವ ಹುಡುಗರ ಶ್ವಾಸಕೋಶವೂ ಮುಖ್ಯ ಅಲ್ವಾ.

ಒಂದು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. ಕೀಚು ಸದ್ದು ನಿಲ್ಲಿಸಲು ಡಿಸ್ಕ್ ಮೇಲೆ ಎಣ್ಣೆ, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದು. ಸದ್ದು ಖಂಡಿತ ನಿಲ್ಲುತ್ತದೆ, ಬ್ರೇಕ್ ಹಿಡಿಯುವುದೂ ನಿಲ್ಲುತ್ತದೆ. ಪ್ಯಾಡ್ ಎಣ್ಣೆ ಹೀರಿಕೊಂಡರೆ ಅದನ್ನು ಎಸೆಯಬೇಕು, ತೊಳೆದು ಬಳಸುವಂತಿಲ್ಲ.

ಇದೇ ತೊಂದರೆಯ ಬೇರೆ ರೂಪ ನೋಡುತ್ತಿರುವ ಓದುಗರೂ ಇರುತ್ತಾರೆ, ಅವರಿಗೂ ಒಂದಷ್ಟು ಹೇಳುತ್ತೇನೆ. ಬ್ರೇಕ್ ಹಾಕಿದಾಗ ಮಾತ್ರ, ಅದೂ ನಿಲ್ಲುವ ಮುಂಚೆ ಕೀಚು ಸದ್ದು ಬಂದು, ಪ್ಯಾಡ್ ದಪ್ಪ ಚೆನ್ನಾಗಿದ್ದರೆ ಅದು ಪ್ಯಾಡ್ ನಡುಗುವ ಸದ್ದು. ಕರಿಹಲಗೆಯ ಮೇಲೆ ಸೀಮೆಸುಣ್ಣ ಅಂಟಿ, ಜಾರಿ, ಮತ್ತೆ ಅಂಟಿ ಕಿರುಚುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಪ್ಯಾಡ್ ಬೆನ್ನಿಗೆ ನಡುಕ ತಡೆಯಲು ಇಡುವ ತೆಳು ತಗಡು (ಶಿಮ್) ಇಲ್ಲದಿರುವುದು, ಪ್ಯಾಡ್ ಮೇಲ್ಮೈ ಕಾದು ಗಾಜಿನಂತೆ ನುಣುಪಾಗಿರುವುದು, ಲೋಹದ ಅಂಶ ಜಾಸ್ತಿ ಇರುವ ಪ್ಯಾಡ್ ಹಾಕಿರುವುದು ಇದಕ್ಕೆ ಕಾರಣಗಳು. ಕಿರಿಕಿರಿಯೇ ಹೊರತು ಅಪಾಯ ಕಡಿಮೆ.

ಹೂಂ ಅನ್ನುವ ಸದ್ದು ವೇಗದ ಜೊತೆ ಏರುತ್ತಾ, ಬ್ರೇಕಿಗೆ ಬದಲಾಗದೆ, ಸ್ಟೀರಿಂಗ್ ಎಡಬಲ ಆಡಿಸಿದಾಗ ಏರಿಳಿದರೆ ವೀಲ್ ಬೇರಿಂಗ್. ಪೂರ್ತಿ ತಿರುಗಿಸಿ ಹೋಗುವಾಗ ಟಕಟಕ ಅಂದರೆ ಡ್ರೈವ್ ಶಾಫ್ಟಿನ ಜಾಯಿಂಟ್. ಜೋರಾಗಿ ಬ್ರೇಕ್ ಹಾಕಿದಾಗ ಪೆಡಲ್ ಕಾಲಿಗೆ ಗುದ್ದುತ್ತಾ ಗರ್ರ್ ಅಂದರೆ ಅದು ಎಬಿಎಸ್ (ಗಟ್ಟಿ ಬ್ರೇಕಿಗೆ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುತ್ತಿರುವ ಸದ್ದು. ಹೆದರಿ ಕಾಲು ತೆಗೆಯಬಾರದು, ಒತ್ತಿಯೇ ಹಿಡಿಯಬೇಕು. 2019ರ ಏಪ್ರಿಲ್‌ನಿಂದೀಚೆಗೆ ತಯಾರಾದ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪೆಡಲ್ ತುಳಿದಾಗ ಕಾಲ ಬುಡದಲ್ಲಿ ಸಣ್ಣಗೆ ಉಸ್ ಅನ್ನುವುದು ಕಾಲಿನ ಒತ್ತಡ ಹೆಚ್ಚಿಸಿಕೊಡುವ ಬೂಸ್ಟರಿನ ಗಾಳಿ, ಮಾಮೂಲಿ. ಆ ಉಸ್ ನಿಲ್ಲದೆ ಬರುತ್ತಾ ಪೆಡಲ್ ಕಲ್ಲಿನಂತೆ ಗಟ್ಟಿಯಾದರೆ ಬೂಸ್ಟರ್ ಸೋರುತ್ತಿದೆ. ಸದ್ದು ಹಿಂದಿನಿಂದ ಅನ್ನಿಸಿದರೆ ಖಾಲಿ ಮೈದಾನದಲ್ಲಿ 10 ಕಿ.ಮೀ. ವೇಗದಲ್ಲಿ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿಯೇ ಹಿಡಿದು ಲಿವರನ್ನು ಸ್ವಲ್ಪ ಎಳೆದು ನೋಡಿ. ಸದ್ದು ಬದಲಾದರೆ ಡ್ರಮ್ ಬಿಚ್ಚಿಸಿ. ಡ್ರಮ್ ಲೈನರ್‌ಗೆ ಕೂಗುವ ನಾಲಿಗೆ ಇರುವುದಿಲ್ಲ, ಸರ್ವಿಸ್ ಸಮಯದಲ್ಲಿ ಬಿಚ್ಚಿ ನೋಡಿದರೆ ಮಾತ್ರ ಗೊತ್ತಾಗುವುದು.

ಯಾರದ್ದೇ ಕಾರಿರಲಿ, ಬ್ರೇಕ್ ಹಾಕಿದಾಗ ಕಬ್ಬಿಣ ಕಬ್ಬಿಣ ಉಜ್ಜುವ ಕರಕರ ಬಂದರೆ, ಪೆಡಲ್ ಕೆಳಗೆ ಇಳಿಯುತ್ತಾ ಹೋದರೆ, ಚಕ್ರದಿಂದ ಹೊಗೆ ಅಥವಾ ಸುಟ್ಟ ವಾಸನೆ ಬಂದರೆ, ಡ್ಯಾಶ್‌ಬೋರ್ಡಿನ ಬ್ರೇಕ್ ದೀಪ ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಉರಿಯುತ್ತಿದ್ದರೆ ಅಲ್ಲೇ ನಿಲ್ಲಿಸಿ. ಗ್ಯಾರೇಜ್ ಹತ್ತಿರವೇ ಇದೆ ಅಂತ ಓಡಿಸಬೇಡಿ, ಟೋ ಮಾಡಿಸಿ.

ಕೊನೆಗೆ ಆಗುಂಬೆ. ಸವೆದ ಪ್ಯಾಡ್ ಇಟ್ಟುಕೊಂಡು ಘಟ್ಟ ಇಳಿಯುವುದು ಬೇಡ ಅನ್ನಲು ಇನ್ನೊಂದು ಕಾರಣ ಇದೆ, ಅದು ಸದ್ದಿಗೆ ಸಂಬಂಧವೇ ಇಲ್ಲದ್ದು. ಪ್ಯಾಡ್ ದಪ್ಪ ಇದ್ದಾಗ ಡಿಸ್ಕ್‌ನ ಶಾಖ ಪಿಸ್ಟನ್‌ಗೆ ದಾಟುವುದನ್ನು ಅದು ತಡೆಯುತ್ತದೆ. ತೆಳುವಾದರೆ ಶಾಖ ಸುಲಭವಾಗಿ ದಾಟಿ ಬ್ರೇಕ್ ಆಯಿಲ್ ಕಾಯಿಸುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುವ ಗುಣದ್ದು. ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ಅದೇ ಆಯಿಲ್ ಶೇಕಡಾ 3.7ರಷ್ಟು ನೀರು ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ಕ್ಕೆ ಇನ್ನೂ ಕಡಿಮೆ, 140. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಆಗುತ್ತದೆ, ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ನಿಮ್ಮ ಕಾರಿಗೆ ಐದು ವರ್ಷ, ಮಳೆಯ ಊರು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿದ್ದು ನೆನಪಿಲ್ಲದಿದ್ದರೆ ಪ್ಯಾಡ್ ಜೊತೆ ಅದನ್ನೂ ಬದಲಿಸಿಬಿಡಿ. ಯಾವ ಡಾಟ್ ಅನ್ನುವುದು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ, ಅದನ್ನೇ ಹಾಕಿಸಿ. ಇಳಿಯುವಾಗ ಎರಡನೇ ಗೇರಿನಲ್ಲಿ, ಕಡಿದಾದ ತಿರುವಿನಲ್ಲಿ ಮೊದಲನೆಯದರಲ್ಲಿ, ಎಂಜಿನ್ ಹಿಡಿತದಲ್ಲಿ ಇಳಿಯಿರಿ. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇರಬೇಡಿ, ಬೇಕಾದಾಗ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ನ್ಯೂಟ್ರಲ್ ಹಾಕುವುದಂತೂ ಬೇಡವೇ ಬೇಡ.

ಪ್ಯಾಡ್ ಬದಲಿಸಿದ ಮರುದಿನವೇ ಘಟ್ಟ ಇಳಿಯಬೇಡಿ. ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಬೇಕು. ವಾಹನ ಕಡಿಮೆ ಇರುವ ರಸ್ತೆಯಲ್ಲಿ 60ರಿಂದ 20 ಕಿ.ಮೀ. ವೇಗಕ್ಕೆ ಎಂಟು ಹತ್ತು ಸಲ ಮಧ್ಯಮ ಬ್ರೇಕ್ ಹಾಕಿ ಇಳಿಸಿ, ಪ್ರತಿ ಸಲದ ನಡುವೆ ಒಂದಷ್ಟು ದೂರ ಸುಮ್ನೆ ಓಡಿಸಿ ಡಿಸ್ಕ್ ತಣಿಯಲು ಬಿಡಿ. ಮೊದಲ 200-300 ಕಿ.ಮೀ. ಅನಿವಾರ್ಯ ಇಲ್ಲದಿದ್ದರೆ ತೀರಾ ಗಟ್ಟಿ ಬ್ರೇಕ್ ಬೇಡ. ಈ ದಿನಗಳಲ್ಲಿ ಸಣ್ಣ ಕೀಚು ಸದ್ದು ಬಂದರೆ ಚಿಂತೆ ಮಾಡಬೇಡಿ. ಈ ವಾರ ಕೆಲಸ ಮುಗಿಸಿದರೆ ಉಡುಪಿಗೆ ಹೊರಡುವ ಹೊತ್ತಿಗೆ ಎಲ್ಲಾ ಹೊಂದಿಕೊಂಡಿರುತ್ತದೆ.

ಬಿಚ್ಚಿದಾಗ ನಾಲ್ಕೂ ಹಳೆಯ ಪ್ಯಾಡ್‌ಗಳ ದಪ್ಪ ಬರೆದಿಟ್ಟುಕೊಳ್ಳಿ, ಎಡ ಒಳಗಿನದು, ಎಡ ಹೊರಗಿನದು, ಬಲದ್ದೂ ಹಾಗೇ. ಹೊಸ ಪ್ಯಾಡ್ ಹಾಕಿದ ಮೇಲೂ ಓಡುವಾಗಿನ ಸದ್ದು ಉಳಿದರೆ ಆ ನಾಲ್ಕು ಅಳತೆ ಕಳಿಸಿ, ಅಲ್ಲಿಂದ ಮುಂದೆ ನೋಡೋಣ.